ಚೈಲ್ಡ್‌ಮೈಂಡರ್ ಮನೆಗೆ ತಪಾಸಣೆ: ಎಷ್ಟು ವರ್ಷಕ್ಕೊಮ್ಮೆ, ಅಷ್ಟೇ ಸಾಕೆ?

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಮಗು ಹುಟ್ಟಿದ ಮೊದಲ ವರ್ಷದ ಕಥೆ ಬಹುತೇಕ ಒಂದೇ. ಮೊದಲು ಅಮ್ಮ ಬಂದು ಬಾಣಂತನ ಮಾಡುತ್ತಾರೆ. ಅವರ ಆರು ತಿಂಗಳು ಮುಗಿಯುವ ಹೊತ್ತಿಗೆ ಅತ್ತೆ-ಮಾವ ಬರುತ್ತಾರೆ. ಅವರ ಆರು ತಿಂಗಳೂ ಮುಗಿಯುತ್ತದೆ. ಹೆರಿಗೆ ರಜೆಯೂ ಮುಗಿಯುತ್ತದೆ. ಆಗ ಉಳಿಯುವುದು ಒಂದೇ ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು?

ಕೆಲವರು ನರ್ಸರಿಗೆ ಹಾಕುತ್ತಾರೆ. ಇನ್ನು ಕೆಲವರು ಚೈಲ್ಡ್‌ಮೈಂಡರ್ ಹುಡುಕುತ್ತಾರೆ. ಚೈಲ್ಡ್‌ಮೈಂಡರ್ ಎಂದರೆ ತಮ್ಮ ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವ ಉದ್ಯೋಗ ಮಾಡುವವರು. ನರ್ಸರಿಗಿಂತ ಸಣ್ಣ ಜಾಗ, ದಿನವೂ ಅದೇ ಮುಖ, ಮನೆಯಂಥ ವಾತಾವರಣ. ಹೀಗಾಗಿ ಅಜ್ಜಿಯ ಮಡಿಲಿನಿಂದ ಇಳಿದ ಕೂಸಿಗೆ ಇದು ಬೇಗ ಒಗ್ಗುತ್ತದೆ ಎಂದು ನಮ್ಮವರಲ್ಲಿ ಅನೇಕರು ಭಾವಿಸುತ್ತಾರೆ.

ನಮ್ಮ ಯುಗಾದಿ, ದೀಪಾವಳಿ ಕೂಟಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಈ ವಿಷಯದಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ತಂದೆ-ತಾಯಿಯರದು: "ಆಫ್‌ಸ್ಟೆಡ್‌ನವರು 'ಗುಡ್' ಕೊಟ್ಟಿದ್ದಾರಂತೆ, ಇನ್ನೇನು ಚಿಂತೆ?" ಇನ್ನೊಂದು, ತಾವೇ ಚೈಲ್ಡ್‌ಮೈಂಡರ್ ಆಗಬೇಕೆಂದಿರುವ ನಮ್ಮ ಸೋದರಿಯರದು: "ಅಯ್ಯೋ, ಆಫ್‌ಸ್ಟೆಡ್‌ನವರು ಯಾವಾಗ ಬೇಕಾದರೂ ಮನೆಗೆ ನುಗ್ಗುತ್ತಾರಂತೆ, ನಮಗೇಕೆ ಆ ತಲೆನೋವು?" ಈ ಎರಡೂ ಮಾತುಗಳ ಹಿಂದಿರುವ ಪ್ರಶ್ನೆ ಒಂದೇ. ಸರ್ಕಾರದ ತಪಾಸಕರು ನಿಜವಾಗಿ ಎಷ್ಟು ಸಲ ಬರುತ್ತಾರೆ?

ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಒಮ್ಮೆಯಾದರೂ ಬರುತ್ತಾರೆ. ಇತ್ತೀಚಿನವರೆಗೆ ಅದು ಆರು ವರ್ಷಕ್ಕೊಮ್ಮೆ ಇತ್ತು. ಚಿಂತೆ ಬಿಟ್ಟು ಕೂರಬಹುದು ಎಂದುಕೊಂಡ ತಂದೆ-ತಾಯಿಗೆ ಇದು ತೀರಾ ವಿರಳ. ದಿನವೂ ಕಾಡುತ್ತಾರೆ ಎಂದು ಹೆದರಿದ ಸೋದರಿಗೆ ಇದು ಹೆದರುವಷ್ಟೇನಲ್ಲ. ಇನ್ನು ವಿವರಕ್ಕೆ ಬರೋಣ.

ಯಾರು ನೋಂದಣಿ ಮಾಡಿಸಬೇಕು?

ಆಫ್‌ಸ್ಟೆಡ್ ಎನ್ನುವುದು ಇಂಗ್ಲೆಂಡಿನಲ್ಲಿ ಶಾಲೆ, ನರ್ಸರಿ, ಮಕ್ಕಳ ಆರೈಕೆ ಇವುಗಳ ಗುಣಮಟ್ಟ ನೋಡುವ ಸರ್ಕಾರಿ ಇಲಾಖೆ. 1992ರಲ್ಲಿ ಶಾಲೆಗಳಿಗಾಗಿ ಆರಂಭವಾದ ಈ ಇಲಾಖೆಗೆ 2001ರ ಸೆಪ್ಟೆಂಬರಿನಲ್ಲಿ ಚೈಲ್ಡ್‌ಮೈಂಡರ್‌ಗಳ ಹೊಣೆಯೂ ಬಂತು. ಅದಕ್ಕೂ ಮೊದಲು ಈ ಕೆಲಸವನ್ನು ಸ್ಥಳೀಯ ಕೌನ್ಸಿಲ್‌ಗಳು ಮಾಡುತ್ತಿದ್ದವು. ಈಗ ಜಾರಿಯಲ್ಲಿರುವ ಮುಖ್ಯ ಕಾನೂನು 2006ರ ಚೈಲ್ಡ್‌ಕೇರ್ ಆಕ್ಟ್.

ಎಂಟು ವರ್ಷದೊಳಗಿನ ಮಗುವನ್ನು, ಮಗುವಿನ ಸ್ವಂತ ಮನೆಯಲ್ಲದ ಬೇರೊಂದು ಮನೆಯಲ್ಲಿ, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು, ಹಣ ಅಥವಾ ಹಣಕ್ಕೆ ಸಮನಾದ ಪ್ರತಿಫಲ ಪಡೆದು ನೋಡಿಕೊಂಡರೆ ಸಾಮಾನ್ಯವಾಗಿ ನೋಂದಣಿ ಬೇಕೇ ಬೇಕು. ಅಜ್ಜ, ಅಜ್ಜಿ, ಅತ್ತೆ, ಚಿಕ್ಕಮ್ಮ, ಮಾವ, ಅಣ್ಣ, ಅಕ್ಕ ಇವರಿಗೆ ಬೇಡ. ಸಂಜೆ ಆರರಿಂದ ರಾತ್ರಿ ಎರಡರವರೆಗೆ ಮಾತ್ರ ನೋಡಿಕೊಳ್ಳುವ ಬೇಬಿಸಿಟರ್‌ಗೂ ಬೇಡ. ಮಗುವಿನ ಮನೆಗೇ ಬಂದು ನೋಡಿಕೊಳ್ಳುವ ನ್ಯಾನಿಗೆ ನೋಂದಣಿ ಕಡ್ಡಾಯವಲ್ಲ, ಇಷ್ಟವಿದ್ದರೆ ಮಾಡಿಸಿಕೊಳ್ಳಬಹುದು.

ಗೆಳತಿಯರು ಒಬ್ಬರ ಮಗುವನ್ನು ಇನ್ನೊಬ್ಬರು ಸರದಿಯ ಮೇಲೆ ನೋಡಿಕೊಂಡರೆ? 2009ರಲ್ಲಿ ಇಂಗ್ಲೆಂಡಿನ ಇಬ್ಬರು ಮಹಿಳಾ ಪೊಲೀಸ್ ಅಧಿಕಾರಿಗಳು ಹೀಗೆ ಮಾಡುತ್ತಿದ್ದರು. ಪರಸ್ಪರ ನೆರವೂ ಒಂದು ಪ್ರತಿಫಲವೇ, ಆದ್ದರಿಂದ ನೋಂದಣಿ ಬೇಕು ಎಂದು ಆಫ್‌ಸ್ಟೆಡ್ ಹೇಳಿದಾಗ ದೇಶದಾದ್ಯಂತ ದೊಡ್ಡ ಗದ್ದಲವಾಯಿತು. ಆಮೇಲೆ ಸರ್ಕಾರ ನಿಯಮ ತಿದ್ದಿ, ಹಣವಿಲ್ಲದೆ ಸ್ನೇಹಿತರು ಹೀಗೆ ಒಬ್ಬರಿಗೊಬ್ಬರು ನೆರವಾಗುವುದಕ್ಕೆ ವಿನಾಯಿತಿ ಕೊಟ್ಟಿತು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಮೂರು ಬೀದಿ ಆಚೆಯ ಪರಿಚಯದ ಆಂಟಿಗೆ ವಾರಕ್ಕಿಷ್ಟು ಎಂದು ಕೈಯಲ್ಲಿ ಹಣ ಕೊಟ್ಟು ಇಡೀ ದಿನ ಮಗುವನ್ನು ಬಿಡುವ ಪದ್ಧತಿ ನಮ್ಮಂಥ ಸಮುದಾಯಗಳಲ್ಲಿ ಉಂಟು. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ನೋಂದಣಿಯಿಲ್ಲದೆ ಹೀಗೆ ಮಾಡುವುದು ಕಾನೂನಿಗೆ ವಿರುದ್ಧ. ಅಲ್ಲಿ ತಪಾಸಣೆ ನಾಲ್ಕು ವರ್ಷಕ್ಕೊಮ್ಮೆಯಲ್ಲ, ಎಂದೂ ಇಲ್ಲ. ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ ಎಂದು ಕೇಳಿದವರಿಲ್ಲ, ವಿಮೆಯೂ ಇರುವುದಿಲ್ಲ. ಮಗು ಬಿದ್ದು ಪೆಟ್ಟಾದರೆ ಎರಡು ಕುಟುಂಬಗಳೂ ಕಷ್ಟಕ್ಕೆ ಸಿಕ್ಕುತ್ತವೆ, ಸ್ನೇಹವೂ ಹೋಗುತ್ತದೆ. ಇದಲ್ಲದೆ, ಸರ್ಕಾರದ ಉಚಿತ ಗಂಟೆಗಳನ್ನಾಗಲಿ, ನೀವು ಎಂಟು ಪೌಂಡ್ ಹಾಕಿದರೆ ಸರ್ಕಾರ ಎರಡು ಪೌಂಡ್ ಸೇರಿಸುವ ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಖಾತೆಯನ್ನಾಗಲಿ ನೋಂದಾಯಿತ ಜಾಗದಲ್ಲಿ ಮಾತ್ರ ಬಳಸಬಹುದು. ಕಡಿಮೆ ಖರ್ಚು ಎಂದುಕೊಂಡದ್ದು ಹಲವು ಸಲ ಕಡಿಮೆಯೂ ಆಗಿರುವುದಿಲ್ಲ.

ಎರಡು ರಿಜಿಸ್ಟರ್, ಎರಡು ಲೆಕ್ಕ

ತಪಾಸಣೆ ಎಷ್ಟು ಸಲ ಎನ್ನುವುದು ಚೈಲ್ಡ್‌ಮೈಂಡರ್ ಹೆಸರು ಯಾವ ಪಟ್ಟಿಯಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ಆಫ್‌ಸ್ಟೆಡ್ ಇಟ್ಟಿರುವ ಪಟ್ಟಿಗಳು ಎರಡು.

ಮೊದಲನೆಯದು ಅರ್ಲಿ ಇಯರ್ಸ್ ರಿಜಿಸ್ಟರ್. ಹುಟ್ಟಿದಂದಿನಿಂದ, ಐದನೆಯ ಹುಟ್ಟುಹಬ್ಬದ ನಂತರ ಬರುವ ಆಗಸ್ಟ್ 31ರವರೆಗಿನ ಮಕ್ಕಳನ್ನು ನೋಡಿಕೊಳ್ಳುವವರು ಇದರಲ್ಲಿರಬೇಕು. ಇವರು ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್ ಎಂಬ ನಿಯಮಾವಳಿಯನ್ನು ಪಾಲಿಸಬೇಕು. ಚಿಕ್ಕದಾಗಿ ಇ.ವೈ.ಎಫ್.ಎಸ್. ಎನ್ನುವ ಇದು 2008ರಲ್ಲಿ ಜಾರಿಗೆ ಬಂತು. 2024ರ ಜನವರಿಯಿಂದ ಚೈಲ್ಡ್‌ಮೈಂಡರ್‌ಗಳಿಗಾಗಿಯೇ ಇದರ ಬೇರೆ ಆವೃತ್ತಿ ಇದೆ. ನಿಯತವಾಗಿ ತಪಾಸಣೆ ನಡೆಯುವುದು ಈ ಪಟ್ಟಿಯವರಿಗೆ.

ಎರಡನೆಯದು ಚೈಲ್ಡ್‌ಕೇರ್ ರಿಜಿಸ್ಟರ್. ಶಾಲೆಗೆ ಹೋಗುವ, ಎಂಟು ವರ್ಷ ತುಂಬದ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವವರು ಇದರ ಕಡ್ಡಾಯ ಭಾಗದಲ್ಲಿ ಇರುತ್ತಾರೆ. ಎಂಟು ದಾಟಿದ ಮಕ್ಕಳನ್ನು ಮಾತ್ರ ನೋಡಿಕೊಳ್ಳುವವರು ಮತ್ತು ನ್ಯಾನಿಗಳು ಇಷ್ಟಪಟ್ಟರೆ ಸೇರುವ ಐಚ್ಛಿಕ ಭಾಗವೂ ಇದೆ. ಈ ಪಟ್ಟಿಯಲ್ಲಿ ಮಾತ್ರ ಇರುವವರಿಗೆ ಇಷ್ಟು ವರ್ಷಕ್ಕೊಮ್ಮೆ ಎಂಬ ಸರದಿ ಇಲ್ಲ. ಪ್ರತಿವರ್ಷ ಸುಮಾರು ಶೇಕಡಾ 10ರಷ್ಟು ಜನರನ್ನು ಆರಿಸಿ ನೋಡುತ್ತಾರೆ; ದೂರು ಬಂದರೆ ಅದಕ್ಕಾಗಿಯೂ ಹೋಗುತ್ತಾರೆ. ಅಂದರೆ ನಿಮ್ಮ ಏಳು ವರ್ಷದ ಮಗನನ್ನು ಶಾಲೆಯಿಂದ ಕರೆತಂದು ಸಂಜೆಯವರೆಗೆ ಇಟ್ಟುಕೊಳ್ಳುವವರ ಮನೆಗೆ ತಪಾಸಕರು ಅನೇಕ ವರ್ಷ ಬರದೇ ಇರಬಹುದು.

ಇವೆರಡರ ಜೊತೆ ಮೂರನೆಯ ದಾರಿಯೂ ಒಂದಿದೆ. 2014ರಿಂದ ಚೈಲ್ಡ್‌ಮೈಂಡರ್ ಏಜೆನ್ಸಿಗಳು ಬಂದಿವೆ. ಇವುಗಳ ಮೂಲಕ ನೋಂದಾಯಿಸಿಕೊಂಡವರ ಮನೆಗೆ ವರ್ಷಕ್ಕೆ ಒಮ್ಮೆಯಾದರೂ ಹೋಗಿ ಗುಣಮಟ್ಟ ನೋಡುವುದು ಏಜೆನ್ಸಿಯ ಹೊಣೆ. ಆಫ್‌ಸ್ಟೆಡ್ ತಪಾಸಣೆ ಮಾಡುವುದು ಏಜೆನ್ಸಿಯನ್ನು. ಇಂಥ ಚೈಲ್ಡ್‌ಮೈಂಡರ್‌ಗೆ ಆಫ್‌ಸ್ಟೆಡ್‌ನ ಸ್ವಂತ ವರದಿ ಇರುವುದಿಲ್ಲ. ಹುಡುಕಿದರೂ ಸಿಗಲಿಲ್ಲ ಎಂದು ಗಾಬರಿಯಾಗಬೇಡಿ. ಯಾವ ಏಜೆನ್ಸಿ, ಕೊನೆಯ ಭೇಟಿ ಯಾವಾಗ ಎಂದು ಕೇಳಿ.

ವರ್ಷಕ್ಕೊಮ್ಮೆಯಿಂದ ಆರು ವರ್ಷ, ಮತ್ತೆ ನಾಲ್ಕು

ಕೌನ್ಸಿಲ್‌ಗಳ ಕಾಲದಲ್ಲಿ, 1989ರ ಚಿಲ್ಡ್ರನ್ ಆಕ್ಟ್ ಪ್ರಕಾರ, ಪ್ರತಿ ವರ್ಷವೂ ಒಮ್ಮೆ ತಪಾಸಣೆ ಆಗಬೇಕಿತ್ತು. ಆಫ್‌ಸ್ಟೆಡ್ ಕೈಗೆ ಬಂದ ಮೇಲೆ ತಪಾಸಣೆ ಹೆಚ್ಚು ವಿವರವಾಯಿತು, ವರದಿಯೂ ಸಾರ್ವಜನಿಕವಾಯಿತು, ಆದರೆ ಅಂತರ ಬೆಳೆಯುತ್ತ ಹೋಯಿತು. ಮೂರು ವರ್ಷವಾಯಿತು, ನಾಲ್ಕಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ನಿಯತ ತಪಾಸಣೆಗಳು ನಿಂತು, 2021ರಲ್ಲಿ ಮತ್ತೆ ಆರಂಭವಾದಾಗ ಆರು ವರ್ಷದೊಳಗೆ ಒಮ್ಮೆ ಎಂಬ ಲೆಕ್ಕ ಬಂತು. ಹೊಸದಾಗಿ ನೋಂದಾಯಿಸಿಕೊಂಡವರಿಗೆ ಮೊದಲ ತಪಾಸಣೆ 30 ತಿಂಗಳೊಳಗೆ ಎಂದಿತ್ತು.

ಇದು ತೀರಾ ದೂರವಾಯಿತು ಎನ್ನುವುದು ಸರ್ಕಾರಕ್ಕೂ ಮನವರಿಕೆಯಾಯಿತು. 2025ರ ಜುಲೈನಲ್ಲಿ ಹೊಸ ಲೆಕ್ಕ ಪ್ರಕಟವಾಯಿತು. ಅದರಂತೆ 2026ರ ಏಪ್ರಿಲ್‌ನಿಂದ ಹೊಸಬರ ಮೊದಲ ತಪಾಸಣೆ 18 ತಿಂಗಳೊಳಗೆ. ಆಮೇಲೆ ಕನಿಷ್ಠ ನಾಲ್ಕು ವರ್ಷಕ್ಕೆ ಒಮ್ಮೆ. ಈ ನಿಯಮ ನರ್ಸರಿಗಳಿಗೂ ಅನ್ವಯ.

ಇಲ್ಲಿ 'ಕನಿಷ್ಠ' ಎನ್ನುವ ಪದವನ್ನು ಮರೆಯಬಾರದು. ನಾಲ್ಕು ವರ್ಷ ಎನ್ನುವುದು ಹೊರಗಿನ ಗಡಿ. ಅದಕ್ಕೂ ಬೇಗ ಬರುವ ಸಂದರ್ಭಗಳು ಹಲವು.

ಹಿಂದಿನ ತಪಾಸಣೆಯಲ್ಲಿ ಕೊರತೆ ಕಂಡಿದ್ದರೆ ಬೇಗ ಮರಳುತ್ತಾರೆ. ಹಳೆಯ ಪದ್ಧತಿಯಲ್ಲಿ 'ರಿಕ್ವೈರ್ಸ್ ಇಂಪ್ರೂವ್‌ಮೆಂಟ್' ಪಡೆದವರ ಮನೆಗೆ 12 ತಿಂಗಳೊಳಗೆ, 'ಇನ್‌ಅಡಿಕ್ವೇಟ್' ಪಡೆದವರ ಮನೆಗೆ ಆರು ತಿಂಗಳೊಳಗೆ ಮತ್ತೆ ಹೋಗುತ್ತಿದ್ದರು. ಹೊಸ ಪದ್ಧತಿಯಲ್ಲೂ ಕೊರತೆ ಇದ್ದವರನ್ನು ನಾಲ್ಕು ವರ್ಷ ಹಾಗೇ ಬಿಡುವುದಿಲ್ಲ.

ಯಾರಾದರೂ ಆತಂಕ ತಿಳಿಸಿದರೆ ಅದರ ಗಾಂಭೀರ್ಯ ನೋಡಿ ಬೇಗ ಬರಬಹುದು. ತಂದೆ-ತಾಯಿ, ನೆರೆಯವರು, ಶಾಲೆ, ಕೌನ್ಸಿಲ್ ಯಾರು ಬೇಕಾದರೂ ತಿಳಿಸಬಹುದು. ಇಂಥ ಭೇಟಿಗೆ ಮುನ್ಸೂಚನೆ ಇರಬೇಕೆಂದಿಲ್ಲ. ಮಗುವಿಗೆ ಗಂಭೀರವಾದ ಅಪಘಾತ ಆದರೆ ಚೈಲ್ಡ್‌ಮೈಂಡರ್ ತಾವೇ 14 ದಿನದೊಳಗೆ ಆಫ್‌ಸ್ಟೆಡ್‌ಗೆ ತಿಳಿಸಬೇಕು. ಅದರ ಹಿಂದೆಯೂ ಭೇಟಿ ಆಗಬಹುದು.

ತಪಾಸಣೆಯ ದಿನ ಏನಾಗುತ್ತದೆ?

ನರ್ಸರಿಗೆ ಸಾಮಾನ್ಯವಾಗಿ ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಫೋನ್ ಬರುತ್ತದೆ. ಚೈಲ್ಡ್‌ಮೈಂಡರ್‌ಗೆ ಇನ್ನೂ ಸ್ವಲ್ಪ ಹೆಚ್ಚು ಕಾಲಾವಕಾಶವಿದ್ದು, ಐದು ದಿನದೊಳಗಿನ ಮುನ್ಸೂಚನೆ ಕೊಡುತ್ತಾರೆ. ಕಾರಣ ಸರಳ. ಅದು ಒಬ್ಬರೇ ನಡೆಸುವ ಮನೆ. ತಪಾಸಕರು ಬಂದಾಗ ಅವರು ಮಕ್ಕಳನ್ನು ಕರೆದುಕೊಂಡು ಪಾರ್ಕಿಗೋ ಲೈಬ್ರರಿಗೋ ಹೋಗಿದ್ದರೆ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಯಾವ ದಿನ ಮಕ್ಕಳು ಇರುತ್ತಾರೆ ಎಂದು ಕೇಳಿಕೊಂಡೇ ಬರುತ್ತಾರೆ.

ಬಂದವರು ಮೊದಲು ಗುರುತಿನ ಚೀಟಿ ತೋರಿಸುತ್ತಾರೆ. ಮನೆ ನೋಡುತ್ತಾರೆ. ಆದರೆ ಹೆಚ್ಚಿನ ಹೊತ್ತು ನೋಡುವುದು ಮಕ್ಕಳನ್ನು. ಮಗು ಚೈಲ್ಡ್‌ಮೈಂಡರ್ ಬಳಿ ಸಲೀಸಾಗಿ ಹೋಗುತ್ತದೆಯೇ? ಅವರು ಮಗುವಿನೊಡನೆ ಮಾತಾಡುತ್ತಾರೆಯೇ, ಪುಸ್ತಕ ಓದುತ್ತಾರೆಯೇ? ಈ ಮಗು ಈಗ ಎಲ್ಲಿದೆ, ಮುಂದೆ ಏನು ಕಲಿಯಬೇಕು ಎಂದು ಅವರಿಗೆ ಗೊತ್ತಿದೆಯೇ? ಮಗುವಿನ ಮೈಮೇಲೆ ಅನುಮಾನಾಸ್ಪದ ಗಾಯ ಕಂಡರೆ ಯಾರಿಗೆ ತಿಳಿಸುತ್ತೀರಿ ಎಂದು ಕೇಳುತ್ತಾರೆ. ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ, ವಿಮೆ, ಹಾಜರಿ ಇವನ್ನು ನೋಡುತ್ತಾರೆ. ತಂದೆ-ತಾಯಿಯರ ಅಭಿಪ್ರಾಯವನ್ನೂ ಪರಿಗಣಿಸುತ್ತಾರೆ. ತಪಾಸಣೆ ಇದೆ ಎಂದು ಗೊತ್ತಾದ ಕೂಡಲೇ ಚೈಲ್ಡ್‌ಮೈಂಡರ್ ಅದನ್ನು ತಂದೆ-ತಾಯಿಗೆ ತಿಳಿಸಬೇಕು, ಆಮೇಲೆ ವರದಿಯ ಪ್ರತಿಯನ್ನೂ ಕೊಡಬೇಕು ಎನ್ನುವುದು ನಿಯಮ. ನಿಮಗೆ ಅಂಥ ಸುದ್ದಿ ಬಂದರೆ ಕೆಲಸದ ಗಡಿಬಿಡಿಯಲ್ಲಿ ಬಿಟ್ಟುಬಿಡಬೇಡಿ. ಎರಡು ಸಾಲು ಪ್ರಾಮಾಣಿಕವಾಗಿ ಬರೆದು ಕೊಡಿ.

ಆ ಹೊತ್ತಿನಲ್ಲಿ ಚೈಲ್ಡ್‌ಮೈಂಡರ್ ಬಳಿ ಯಾವ ಮಗುವೂ ಇಲ್ಲದಿದ್ದರೆ? ತಪಾಸಣೆ ಆಗಬಹುದು, ಆದರೆ ದರ್ಜೆ ಸಿಗುವುದಿಲ್ಲ. ನಿಯಮ ಪಾಲಿಸುತ್ತಾರೋ ಇಲ್ಲವೋ ಎಂದಷ್ಟೇ ವರದಿಯಲ್ಲಿರುತ್ತದೆ. ಆದ್ದರಿಂದ 'ಗುಡ್' ಅಥವಾ 'ಔಟ್‌ಸ್ಟ್ಯಾಂಡಿಂಗ್' ಎಂದಿಲ್ಲ ಎನ್ನುವ ಒಂದೇ ಕಾರಣಕ್ಕೆ ಯಾರನ್ನೂ ತಳ್ಳಿಹಾಕಬಾರದು.

ವರದಿಯ ಭಾಷೆ ಬದಲಾಗಿದೆ

ನಮಗೆಲ್ಲ ಪರಿಚಯವಿದ್ದದ್ದು ನಾಲ್ಕು ದರ್ಜೆಗಳು: ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್. 2025ರ ನವೆಂಬರ್‌ನಿಂದ ನಡೆದ ತಪಾಸಣೆಗಳಲ್ಲಿ ಈ ಒಂದೇ ಪದದ ತೀರ್ಪು ಇಲ್ಲ. ಅದರ ಬದಲು ನಮ್ಮ ಶಾಲೆಯ ಅಂಕಪಟ್ಟಿಯಂಥ ಒಂದು ರಿಪೋರ್ಟ್ ಕಾರ್ಡ್ ಇರುತ್ತದೆ. ಕಲಿಕೆ, ಮಕ್ಕಳ ಯೋಗಕ್ಷೇಮ, ನಡವಳಿಕೆ, ಎಲ್ಲ ಬಗೆಯ ಮಕ್ಕಳನ್ನೂ ಒಳಗೊಳ್ಳುವುದು ಹೀಗೆ ಒಂದೊಂದಕ್ಕೂ ಬೇರೆ ಬೇರೆ ದರ್ಜೆ. ದರ್ಜೆಗಳು ಐದು: ಎಕ್ಸೆಪ್ಷನಲ್, ಸ್ಟ್ರಾಂಗ್, ಎಕ್ಸ್‌ಪೆಕ್ಟೆಡ್, ನೀಡ್ಸ್ ಅಟೆನ್ಷನ್, ಅರ್ಜೆಂಟ್ ಇಂಪ್ರೂವ್‌ಮೆಂಟ್. ಮಕ್ಕಳ ಸುರಕ್ಷತೆಗೆ ಮಾತ್ರ ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರ.

'ಎಕ್ಸ್‌ಪೆಕ್ಟೆಡ್' ಎಂದು ಕಂಡಾಗ ನಮ್ಮವರಿಗೆ ಮುಖ ಚಿಕ್ಕದಾಗುವ ಸಂಭವ ಉಂಟು. ನೂರಕ್ಕೆ ತೊಂಬತ್ತೈದು ಬಂದರೂ ಉಳಿದ ಐದು ಎಲ್ಲಿ ಹೋಯಿತು ಎಂದು ಕೇಳುವ ಮನೆಗಳಲ್ಲಿ ಬೆಳೆದವರಲ್ಲವೇ ನಾವು! ಆದರೆ ಅದರ ಅರ್ಥ ಮಾಡಬೇಕಾದುದನ್ನೆಲ್ಲ ಸರಿಯಾಗಿ ಮಾಡುತ್ತಿದ್ದಾರೆ ಎಂದು. ಹಳೆಯ ವರದಿಗಳು ಹಳೆಯ ಪದಗಳಲ್ಲೇ ಇರುತ್ತವೆಯಾದ್ದರಿಂದ ಇನ್ನೂ ಕೆಲವು ವರ್ಷ ಎರಡೂ ಭಾಷೆ ಜೊತೆಯಲ್ಲೇ ನಡೆಯುತ್ತವೆ. ಹಳೆಯ ದರ್ಜೆಯನ್ನು ಹೊಸದರ ಜೊತೆ ಹೋಲಿಸಿ ಇವರು ಮೇಲು, ಅವರು ಕೀಳು ಎನ್ನಲು ಬರುವುದಿಲ್ಲ.

ಇನ್ನೊಂದು ಉಪಯುಕ್ತ ಮಾತು. ಚೈಲ್ಡ್‌ಮೈಂಡರ್‌ಗಳ ಮನೆ ವಿಳಾಸದ ಗೋಪ್ಯತೆಗಾಗಿ ಆಫ್‌ಸ್ಟೆಡ್ ವರದಿಗಳಲ್ಲಿ ಹೆಚ್ಚಾಗಿ ಅವರ ಹೆಸರು ಇರುವುದಿಲ್ಲ. ಯು.ಆರ್.ಎನ್. ಎಂಬ ನೋಂದಣಿ ಸಂಖ್ಯೆ ಕೇಳಿ ಪಡೆದು, ಅದರಿಂದ ವರದಿ ಹುಡುಕಿ. ಕೊಡಲು ಹಿಂಜರಿದರೆ ಅಲ್ಲಿಂದ ಮುಂದೆ ಹೋಗಬೇಡಿ.

ಒಂದು ಸಣ್ಣ ಲೆಕ್ಕ

ನಾವು ಸಾಫ್ಟ್‌ವೇರ್ ಕೆಲಸದವರು. ಒಂದು ಪ್ರೋಗ್ರಾಂ ಬಿಡುಗಡೆಗೆ ಮೊದಲು ಪರೀಕ್ಷೆಯಲ್ಲಿ ಪಾಸಾಯಿತು ಎಂದ ಮಾತ್ರಕ್ಕೆ ನಾಲ್ಕು ವರ್ಷ ಅದರ ಕಡೆ ತಿರುಗಿ ನೋಡದೆ ಇರುವುದಿಲ್ಲ. ಪರೀಕ್ಷೆ ಆ ದಿನದ ಮಾತು. ದಿನವೂ ಕಣ್ಣಿಡುವುದು ಬೇರೆ ಕೆಲಸ. ಇದೇ ಲೆಕ್ಕವನ್ನು ಮಗುವಿಗೆ ಹಾಕಿ ನೋಡೋಣ.

ಮಗು ವಾರಕ್ಕೆ ನಾಲ್ಕು ದಿನ, ವರ್ಷಕ್ಕೆ 46 ವಾರ ಹೋಗುತ್ತದೆ ಎನ್ನಿ. ವರ್ಷಕ್ಕೆ 184 ದಿನ, ನಾಲ್ಕು ವರ್ಷಕ್ಕೆ 736 ದಿನ. ಈ 736 ದಿನಗಳಲ್ಲಿ ತಪಾಸಕರು ನೋಡುವುದು ಒಂದು ದಿನ, ಅದೂ ಮೊದಲೇ ತಿಳಿಸಿ ಬಂದ ದಿನ. ಬೆಳಿಗ್ಗೆ ಬಿಡಲು, ಸಂಜೆ ಕರೆತರಲು ಹೋಗುವ ತಂದೆ-ತಾಯಿ ಅದೇ ಬಾಗಿಲಲ್ಲಿ ನಿಲ್ಲುವುದು 1,472 ಸಲ. ಇನ್ನೂ ಒಂದು ಅಂಶವಿದೆ. ಒಂದು ವರ್ಷಕ್ಕೆ ಸೇರಿದ ಮಗು ನಾಲ್ಕು ತುಂಬಿ ರಿಸೆಪ್ಷನ್ ತರಗತಿಗೆ ಹೋಗುವವರೆಗೆ ಅಲ್ಲಿ ಇರುವುದು ಮೂರು ಚಿಲ್ಲರೆ ವರ್ಷ. ಅಂದರೆ ನಿಮ್ಮ ಮಗು ಅಲ್ಲಿದ್ದ ಇಡೀ ಅವಧಿಯಲ್ಲಿ ಒಂದು ತಪಾಸಣೆಯೂ ನಡೆಯದೆ ಇರಬಹುದು. ನೀವು ಓದಿ ನಂಬಿದ ವರದಿ ನಿಮ್ಮ ಮಗು ಹುಟ್ಟುವುದಕ್ಕಿಂತ ಮೊದಲಿನದೂ ಆಗಿರಬಹುದು.

ಇದನ್ನು ಹೆದರಿಸಲು ಹೇಳುತ್ತಿಲ್ಲ. ನಮಗೆ ತಿಳಿದ ಚೈಲ್ಡ್‌ಮೈಂಡರ್‌ಗಳು ಬಹುಪಾಲು ಪ್ರೀತಿಯಿಂದ, ಶ್ರದ್ಧೆಯಿಂದ ದುಡಿಯುವವರು. ಆದರೆ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಪ್ರಮಾಣಪತ್ರ ನೋಡಿ ಸುಮ್ಮನಾಗುವುದು ಅದರ ಅರ್ಧ ಮಾತ್ರ.

ತಂದೆ-ತಾಯಿ ನೋಡಬೇಕಾದ್ದು

ಮೊದಲನೆಯದಾಗಿ, ವರದಿಯ ದರ್ಜೆಗಿಂತ ಮೊದಲು ತಾರೀಖು ನೋಡಿ. ಐದು ವರ್ಷ ಹಳೆಯದಾದರೆ, ಆಮೇಲೆ ಮನೆ ಬದಲಾಯಿತೇ, ಸಹಾಯಕರು ಬಂದರೇ, ಮಕ್ಕಳ ಸಂಖ್ಯೆ ಹೆಚ್ಚಿತೇ ಎಂದು ಕೇಳಿ.

ಎರಡನೆಯದಾಗಿ, ಮಕ್ಕಳನ್ನು ಎಣಿಸಿ. ಒಬ್ಬ ಚೈಲ್ಡ್‌ಮೈಂಡರ್ ಒಂದು ಹೊತ್ತಿಗೆ ಎಂಟು ವರ್ಷದೊಳಗಿನ ಆರು ಮಕ್ಕಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅವರಲ್ಲಿ ಸುಮಾರು ಐದು ವರ್ಷದೊಳಗಿನವರು ಮೂವರು, ಒಂದು ವರ್ಷದೊಳಗಿನ ಕೂಸು ಒಂದು. ಅವರ ಸ್ವಂತ ಮಕ್ಕಳೂ ಈ ಲೆಕ್ಕದಲ್ಲಿ ಸೇರುತ್ತಾರೆ. ಅಣ್ಣ-ತಂಗಿಯಂಥ ಸಂದರ್ಭಗಳಲ್ಲಿ ಸ್ವಲ್ಪ ಸಡಿಲಿಕೆ ಇದೆ. ಹೆಚ್ಚು ಮಕ್ಕಳು ಕಂಡರೆ ಕಾರಣ ಕೇಳುವುದರಲ್ಲಿ ತಪ್ಪಿಲ್ಲ.

ಮೂರನೆಯದಾಗಿ, ಕಾಗದಗಳು. ನೋಂದಣಿ ಪ್ರಮಾಣಪತ್ರ ಕಾಣುವಂತೆ ಇರಬೇಕು. ಮಕ್ಕಳ ಪ್ರಥಮ ಚಿಕಿತ್ಸೆಯ ಪೂರ್ಣ ತರಬೇತಿಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಇರಬೇಕು. ಇವುಗಳ ತಾರೀಖನ್ನು ವರ್ಷಕ್ಕೊಮ್ಮೆ ನೀವೇ ಕೇಳಿ ನೋಡಬಹುದು. ಕಾರಿನ ಎಂ.ಓ.ಟಿ. ತಾರೀಖು ನೆನಪಿಡುವ ನಾವು ಇದನ್ನು ನೆನಪಿಡಲಾರೆವೇ?

ನಾಲ್ಕನೆಯದಾಗಿ, ಊಟ. ಮಗು ಸಸ್ಯಾಹಾರಿ, ಮೊಟ್ಟೆ ತಿನ್ನುವುದಿಲ್ಲ, ಕಡಲೆಕಾಯಿ ಆಗುವುದಿಲ್ಲ ಇವನ್ನೆಲ್ಲ ಬಾಯಿಮಾತಿನಲ್ಲಿ ಹೇಳಿ ಬರುವುದಕ್ಕಿಂತ ಬರೆದು ಕೊಡಿ. ಅಲರ್ಜಿ ಬೇರೆ, ಪದ್ಧತಿ ಬೇರೆ. ಎರಡನ್ನೂ ಸ್ಪಷ್ಟವಾಗಿ ಬೇರೆ ಮಾಡಿ ತಿಳಿಸಿ. 2025ರ ಸೆಪ್ಟೆಂಬರ್‌ನಿಂದ ಊಟದ ಸುರಕ್ಷತೆಯ ನಿಯಮಗಳು ಬಿಗಿಯಾಗಿವೆ: ಮಗು ತಿನ್ನುವಾಗ ಕಣ್ಣಿಗೆ ಕಾಣುವಂತೆ, ದನಿ ಕೇಳುವಂತೆ ಇರಬೇಕು. ನಾವು ಡಬ್ಬಿಯಲ್ಲಿ ಕಳಿಸುವ ಇಡೀ ದ್ರಾಕ್ಷಿ, ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎನ್ನುವುದನ್ನೂ ನೆನಪಿಡಬೇಕು.

ಐದನೆಯದಾಗಿ, ಭಾಷೆ. ಮನೆಯಲ್ಲಿ ಇಂಗ್ಲಿಷ್ ಮಾತಾಡದಿದ್ದರೆ ಚೈಲ್ಡ್‌ಮೈಂಡರ್ ಬೇಸರಿಸುತ್ತಾರೆ ಎಂದು ಕೆಲವರು ಅಂದುಕೊಂಡಿದ್ದಾರೆ. ನಿಜ ಬೇರೆಯೇ ಇದೆ. ಮಗುವಿನ ಮನೆಮಾತನ್ನು ಆಟ-ಪಾಠದಲ್ಲಿ ಬಳಸಲು ಅವಕಾಶ ಮಾಡಿಕೊಡಬೇಕು ಎಂದು ಇ.ವೈ.ಎಫ್.ಎಸ್. ನಿಯಮವೇ ಹೇಳುತ್ತದೆ. 'ನೀರು', 'ಹಸಿವು', 'ನಿದ್ದೆ', 'ನೋವು', 'ಸಾಕು' ಹೀಗೆ ಹತ್ತಿಪ್ಪತ್ತು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅರ್ಥ ಸಹಿತ ಮೊದಲ ದಿನವೇ ಕೊಡಿ. ಮಗು ಅಳುತ್ತ ನೋವು ಎಂದಾಗ ಅದು ಅರ್ಥವಾಗುವುದು ಸುರಕ್ಷತೆಯ ಮಾತೂ ಹೌದು.

ಕೊನೆಯದಾಗಿ, ಏನಾದರೂ ಸರಿಯಿಲ್ಲ ಎನಿಸಿದರೆ ನುಂಗಿಕೊಳ್ಳಬೇಡಿ. ಪಾಪ, ಒಳ್ಳೆಯವರು, ಹೇಗೆ ಹೇಳುವುದು ಎನ್ನುವ ಸಂಕೋಚ ನಮ್ಮವರಲ್ಲಿ ಹೆಚ್ಚು. ಮೊದಲು ಅವರ ಜೊತೆಯೇ ಮಾತಾಡಿ. ಸರಿಹೋಗದಿದ್ದರೆ ಬರೆದು ಕೊಡಿ. ನಿಯಮ ಪಾಲನೆಯ ಬಗ್ಗೆ ಲಿಖಿತ ದೂರು ಬಂದರೆ ಅವರು ಪರಿಶೀಲಿಸಿ 28 ದಿನದೊಳಗೆ ಫಲಿತಾಂಶ ತಿಳಿಸಬೇಕು. ಮಗುವಿನ ಸುರಕ್ಷತೆಯ ಮಾತಾದರೆ ನೇರವಾಗಿ ಆಫ್‌ಸ್ಟೆಡ್‌ಗೆ ಅಥವಾ ಕೌನ್ಸಿಲ್‌ನ ಮಕ್ಕಳ ವಿಭಾಗಕ್ಕೆ ತಿಳಿಸಬೇಕು. ನೀವು ಹೇಳದೆ ಮುಂದಿನ ತಪಾಸಣೆಯವರೆಗೆ ಬೇರಾರಿಗೂ ತಿಳಿಯದೆ ಹೋಗಬಹುದು.

ನಮ್ಮ ಸೋದರಿಯರಿಗೆ ಎರಡು ಮಾತು

ಇಂಗ್ಲೆಂಡಿನಲ್ಲಿ ಚೈಲ್ಡ್‌ಮೈಂಡರ್‌ಗಳ ಸಂಖ್ಯೆ ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿದೆ. ಕೆಲಸ ಇದೆ, ಮಾಡುವವರು ಕಡಿಮೆ. ಮಕ್ಕಳನ್ನು ಕಂಡರೆ ಪ್ರೀತಿ, ಓದು ಇದೆ, ಮನೆಯಿಂದಲೇ ದುಡಿಯುವ ಆಸೆ ಇದೆ ಎನ್ನುವವರು ನಮ್ಮಲ್ಲಿ ಎಷ್ಟೋ ಜನ. ನಿಮ್ಮ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅನುಮತಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ.

ಪ್ರಥಮ ಚಿಕಿತ್ಸೆಯ 12 ಗಂಟೆಗಳ ತರಬೇತಿ, ಮಕ್ಕಳ ರಕ್ಷಣೆಯ ತರಬೇತಿ, ಆರೋಗ್ಯದ ಘೋಷಣೆ, ಮನೆಯಲ್ಲಿ ವಾಸಿಸುವ 16 ದಾಟಿದ ಎಲ್ಲರಿಗೂ ಡಿ.ಬಿ.ಎಸ್. ಪರಿಶೀಲನೆ ಇವು ಬೇಕಾಗುತ್ತವೆ. ನೋಂದಣಿಗೆ ಮೊದಲು ಆಫ್‌ಸ್ಟೆಡ್‌ನವರು ಮನೆಗೆ ಬಂದು ಮಾತಾಡುತ್ತಾರೆ. ಊರಿನಿಂದ ಅಪ್ಪ-ಅಮ್ಮ ಬಂದು ಆರು ತಿಂಗಳು ಉಳಿಯುವುದಾದರೆ ಅವರ ಬಗ್ಗೆ ಏನು ತಿಳಿಸಬೇಕೆಂದು ಮೊದಲೇ ಆಫ್‌ಸ್ಟೆಡ್‌ನಲ್ಲಿ ಕೇಳಿಕೊಳ್ಳಿ. ಮನೆಯಲ್ಲಿ ವಾಸಿಸುವವರಲ್ಲಿ ಬದಲಾವಣೆಯಾದರೆ ತಿಳಿಸುವುದು ನಿಮ್ಮ ಹೊಣೆ.

ಇನ್ನು ತಪಾಸಣೆಯ ಹೆದರಿಕೆ. ಮೊದಲ 18 ತಿಂಗಳೊಳಗೆ ಒಮ್ಮೆ ಬರುತ್ತಾರೆ ಎಂದು ಲೆಕ್ಕ ಇಟ್ಟುಕೊಳ್ಳಿ. ದಿನದ ಹಾಜರಿ, ಗಾಯ ಮತ್ತು ಔಷಧದ ಟಿಪ್ಪಣಿ ಅಂದಂದೇ ಬರೆದಿಟ್ಟರೆ ಫೋನ್ ಬಂದ ರಾತ್ರಿ ನಿದ್ದೆಗೆಡಬೇಕಾಗಿಲ್ಲ. ತಪಾಸಕರು ಗೋಡೆಯ ಬಣ್ಣ, ದುಬಾರಿ ಆಟಿಕೆ ನೋಡಲು ಬರುವುದಿಲ್ಲ. ಅಡುಗೆಮನೆಯ ಲೋಟ-ತಟ್ಟೆಗಳಲ್ಲೇ ಎಣಿಕೆ ಕಲಿಸುವುದನ್ನು ಕಂಡರೂ ಅವರಿಗೆ ಕಲಿಕೆ ಕಾಣುತ್ತದೆ. ಉಚ್ಚಾರಣೆ ಬೇರೆ ಎಂದು ಅಳುಕಬೇಡಿ. ಮಕ್ಕಳ ಜೊತೆ ಸ್ಪಷ್ಟವಾಗಿ, ಧಾರಾಳವಾಗಿ ಮಾತಾಡಿದರೆ ಸಾಕು.

ಇಂಗ್ಲೆಂಡಿನ ಹೊರಗೆ

ಈವರೆಗೆ ಹೇಳಿದ್ದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ಕೇರ್ ಇನ್‌ಸ್ಪೆಕ್ಟರೇಟ್, ವೇಲ್ಸ್‌ನಲ್ಲಿ ಕೇರ್ ಇನ್‌ಸ್ಪೆಕ್ಟರೇಟ್ ವೇಲ್ಸ್ ಎಂಬ ಬೇರೆ ಸಂಸ್ಥೆಗಳಿವೆ, ಅವುಗಳ ದರ್ಜೆ ಮತ್ತು ಸರದಿ ಬೇರೆ. ಉತ್ತರ ಐರ್ಲೆಂಡಿನಲ್ಲಿ ಆರೋಗ್ಯ ಮತ್ತು ಸಮಾಜ ಸೇವೆಯ ಟ್ರಸ್ಟ್‌ಗಳು ಈ ಕೆಲಸ ಮಾಡುತ್ತವೆ. ಅಲ್ಲಿ ಇಂದಿಗೂ ವರ್ಷಕ್ಕೊಮ್ಮೆ ತಪಾಸಣೆಯ ಪದ್ಧತಿ ಇದೆ. ಎಡಿನ್‌ಬರೋ, ಕಾರ್ಡಿಫ್, ಬೆಲ್‌ಫಾಸ್ಟ್‌ಗಳಲ್ಲಿರುವ ನಮ್ಮ ಬಂಧುಗಳು ಅಲ್ಲಿನ ನಿಯಮವನ್ನೇ ನೋಡಿಕೊಳ್ಳಬೇಕು.

ನಾಲ್ಕು ವರ್ಷಕ್ಕೊಮ್ಮೆ ಬರುವ ಅಧಿಕಾರಿ ಅತ್ಯಗತ್ಯ. ಅವರಿಲ್ಲದಿದ್ದರೆ ಕನಿಷ್ಠ ಮಟ್ಟವೂ ಉಳಿಯುತ್ತಿರಲಿಲ್ಲ. ಆದರೆ ನಮ್ಮ ಊರುಗಳಲ್ಲಿ ವಠಾರದ ಹತ್ತು ಕಣ್ಣುಗಳು ಮಕ್ಕಳ ಮೇಲಿರುತ್ತಿದ್ದವು. ಇಲ್ಲಿ ಆ ಹತ್ತು ಕಣ್ಣುಗಳ ಕೆಲಸವನ್ನು ತಂದೆ-ತಾಯಿಯ ನಾಲ್ಕು ಕಣ್ಣುಗಳೇ ಮಾಡಬೇಕು. ಸಂಜೆ ಕರೆತರಲು ಹೋದಾಗ ಐದು ನಿಮಿಷ ಹೆಚ್ಚು ನಿಂತು, ಇಂದು ಮಗು ಏನು ತಿಂದಿತು, ಏನು ಆಡಿತು, ಎಷ್ಟು ನಿದ್ದೆ ಮಾಡಿತು ಎಂದು ಕೇಳಿ. ಒಳ್ಳೆಯ ಚೈಲ್ಡ್‌ಮೈಂಡರ್‌ಗೆ ಅದರಿಂದ ಸಂತೋಷವೇ ಆಗುತ್ತದೆ. ನಮ್ಮ ಎಲ್ಲ ಮಕ್ಕಳೂ ಸುರಕ್ಷಿತವಾದ ಕೈಗಳಲ್ಲಿ ಬೆಳೆಯಲಿ ಎಂದು ಹಾರೈಸುತ್ತೇವೆ.